ಹಿಮಾಲಯಕ್ಕೆ ಹೋದರೂ ಚಳಿಯಾಗದ ಸ್ವೆಟರು

ಬೆಂಗಳೂರಿನಲ್ಲಿ ಚಳಿಗಾಲ ಎಂಬುದೊಂದು ಇದೆ ಎಂದು ಮನಃಪೂರ್ವಕವಾಗಿ ನಂಬಿದವರಲ್ಲಿ ಶಾಂತವೀರಪ್ಪನವರು ಮೊದಲಿಗರು. ದಸರೆಯ ಬೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಅವರ ತಲೆಗೆ ಮಂಕಿ ಕ್ಯಾಪ್ ಏರುತ್ತದೆ. ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎಂದು ಹೊರಟುಹೋಗುವವರೆಗೂ ಅದು ಇಳಿಯುವುದಿಲ್ಲ. ಆ ಟೋಪಿಯ ದುಂಡು ಕಿಟಕಿಯಲ್ಲಿ ಕಾಣುವುದು ಎರಡು ಕಣ್ಣು, ಒಂದು ದಪ್ಪ ಮೂಗು, ಹಣೆಯ ವಿಭೂತಿಯ ಕೊನೆಯ ಗೆರೆ, ಇಷ್ಟೇ. ಕೆಳಗೆ ಉದ್ದ ತೋಳಿನ ಸ್ವೆಟರು, ಅದರ ಮೇಲೆ ಅರ್ಧ ತೋಳಿನದು, ಅದರ ಮೇಲೊಂದು ಮಫ್ಲರು. ಹೀಗೆ ಸರ್ವಸನ್ನದ್ಧರಾಗಿ ಅವರು ಬೆಳಿಗ್ಗೆ ಬನಶಂಕರಿಯ ಮನೆಯಿಂದ ಜಯನಗರದ ಅಂಗಡಿಗೆ ನಡೆದು ಬರುವಾಗ ಪಕ್ಕದಲ್ಲೇ ಹುಡುಗರು ಬನಿಯನ್ನು ತೊಟ್ಟು ಬೆವರು ಸುರಿಸುತ್ತ ಓಡುತ್ತಿರುತ್ತಾರೆ. ಇಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆ ಎಂಬ ವಿಷಯದಲ್ಲಿ ಶಾಂತವೀರಪ್ಪನವರಿಗೆ ಎಂದೂ ಸಂಶಯ ಬಂದದ್ದಿಲ್ಲ.

ಅವರ ಅಂಗಡಿ ಉಣ್ಣೆ ಬಟ್ಟೆಯ ಅಂಗಡಿ. ಮದುವೆಯಾದ ಹೊಸದರಲ್ಲಿ ರಾಣೆಬೆನ್ನೂರಿನಿಂದ ಬಂದು, ಅಡ್ಡರಸ್ತೆಯೊಂದರಲ್ಲಿ ಶಟರು ಎತ್ತಿದವರು ಇಂದಿಗೂ ಅಲ್ಲೇ ಇದ್ದಾರೆ. ಎರಡೂ ಪಕ್ಕದ ಅಂಗಡಿಗಳು ಮೊದಲು ಕ್ಯಾಸೆಟ್ಟು, ಆಮೇಲೆ ಮೊಬೈಲು, ಈಗ ಮೊಮೊ ಮಾರುವಂತಾಗಿವೆ. ಇವರದು ಮಾತ್ರ ಸ್ವೆಟರು, ಶಾಲು, ರಗ್ಗು, ಕೈಗವಸು. ನಡೆಯುವಾಗ ಅವರು ಬಲಕ್ಕೆ ತುಸು ವಾಲಿ, ಒಂದು ಹೆಜ್ಜೆ ಇಟ್ಟು ಇನ್ನೊಂದನ್ನು ಎಳೆದುಕೊಳ್ಳುತ್ತಾರೆ; ಮೊಳ ಹಾಕಿ ಬಟ್ಟೆ ಅಳೆಯುವವನ ಕೈ ಹೇಗೆ ಚಲಿಸುತ್ತದೋ ಹಾಗೆ ಅವರ ಕಾಲು ಚಲಿಸುತ್ತದೆ. ಮಾರುವ ಕ್ರಮವೂ ನಿಶ್ಚಿತವಾದದ್ದು. ಗಿರಾಕಿ ಕೈಯಿಟ್ಟ ಸ್ವೆಟರಿನ ತುದಿಯನ್ನು ಎರಡು ಬೆರಳ ನಡುವೆ ಹೊಸಕುವುದು, ಅದನ್ನು ತಮ್ಮ ಕೆನ್ನೆಗೆ ಒತ್ತಿಕೊಳ್ಳುವುದು, ಕಣ್ಣು ಮುಚ್ಚುವುದು, ಆಮೇಲೆ ಹೇಳುವುದು:

“ನೋಡ್ರಿ, ಹಿಮಾಲಯಕ್ಕೆ ಹೋದ್ರೂ ಚಳಿ ಆಗಂಗಿಲ್ಲ.”

ಜಯನಗರದಲ್ಲಿ ಈ ವಾಕ್ಯ ಕೇಳದ ಸಂಸಾರವಿಲ್ಲ. ತ್ಯಾಗರಾಜನಗರದಿಂದ ಹೋಗಿ ಶಾಲು ಕೊಂಡ ನಾನೂ ಕೇಳಿದ್ದೇನೆ. “ನೀವು ಹಿಮಾಲಯ ನೋಡಿದ್ದೀರಾ?” ಎಂದು ಒಮ್ಮೆ ವಿಚಾರಿಸಿದ್ದೆ. ಅವರು ಒಂದಿಷ್ಟೂ ಅಳುಕಲಿಲ್ಲ. “ಅಮ್ಮಾವ್ರೆ, ಇನ್ಶೂರೆನ್ಸ್ ಮಾರೋನು ಮೊದಲು ಸತ್ತು ನೋಡ್ಕೊಂಡು ಬರ್ತಾನೇನ್ರಿ?” ಎಂದರು. ಉತ್ತರ ಚೆನ್ನಾಗಿತ್ತು. ಶಾಲನ್ನು ಕೊಂಡುಕೊಂಡೆ.

ಈ ವಾಕ್ಯಕ್ಕೆ ಮೊದಲ ಪೆಟ್ಟು ಬಿದ್ದದ್ದು ಇಂಚರಾ ಎಂಬ ಹುಡುಗಿಯಿಂದ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುವವಳು. ರಜಾ ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟಕ್ಕೆ ಹೊರಡುವವಳು. ಎದೆಯ ಮೇಲೆ ಎರಡು ಬಿಳಿ ಜಿಂಕೆಗಳಿರುವ ಮರೂನ್ ಬಣ್ಣದ ಸ್ವೆಟರನ್ನು ಒಂದು ಡಿಸೆಂಬರಿನಲ್ಲಿ ಕೊಂಡುಹೋಗಿದ್ದಳು. ಶಾಂತವೀರಪ್ಪನವರ ಮಾತನ್ನು ಅಕ್ಷರಶಃ ತೆಗೆದುಕೊಂಡ ಪ್ರಥಮ ಗಿರಾಕಿ ಅವಳೇ ಇರಬೇಕು: ಅದನ್ನು ತೊಟ್ಟು ನಿಜವಾಗಿ ಹಿಮಾಲಯಕ್ಕೆ ಹೋಗಿ ಬಂದಳು. ಬಂದವಳು ನೇರವಾಗಿ ಅಂಗಡಿಗೆ ಬಂದಳು.

“ಅಂಕಲ್, ಟೆಂಟಲ್ಲಿ ಇಡೀ ರಾತ್ರಿ ನಡುಗಿದೀನಿ. ನೀವು ಹೇಳಿದ್ದು ಸುಳ್ಳು.”

“ಹೆಂಗ್ ಹಾಕ್ಕೊಂಡಿದ್ದೆವ್ವಾ ಇದನ್ನ?”

“ಹೆಂಗ್ ಅಂದ್ರೆ? ಕೈ ತೋಳಲ್ಲಿ, ತಲೆ ಮಧ್ಯದಲ್ಲಿ.”

ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ಶಾಂತವೀರಪ್ಪನವರು ಸ್ವೆಟರನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದರೆ ಅವಳು ಕೊಡಲಿಲ್ಲ. “ವಾಪಸ್ ಕೊಡೋಕೆ ಬಂದಿಲ್ಲ ಅಂಕಲ್, ಜಿಂಕೆ ಚೆನ್ನಾಗಿದೆ, ಆಫೀಸಿಗೆ ಹಾಕ್ಕೊತೀನಿ. ಇನ್ನೊಬ್ರಿಗೆ ಹಂಗೆ ಹೇಳ್ಬೇಡಿ, ಅಷ್ಟೆ. ಬೇಕಿದ್ರೆ ಮುಂದಿನ ಸಲ ನೀವೇ ಹಾಕ್ಕೊಂಡು ಬನ್ನಿ, ಗೊತ್ತಾಗುತ್ತೆ.” ತಮಾಷೆಗೆ ಹೇಳಿ ಹೋದಳು.

ಮಾರನೆಯ ದಿನ ಗಿರಾಕಿಯೊಬ್ಬರು ಬಂದಾಗ ಶಾಂತವೀರಪ್ಪನವರು ಸ್ವೆಟರು ಹೊಸಕಿದರು, ಕೆನ್ನೆಗೆ ಒತ್ತಿದರು, ಕಣ್ಣೂ ಮುಚ್ಚಿದರು. “ನೋಡ್ರಿ, ಹಿಮಾ…” ಎನ್ನುವಲ್ಲಿಗೆ ಮಾತು ನಿಂತಿತು. ಗಿರಾಕಿ ಕಾದು ನೋಡಿ ಹೊರಟುಹೋದರು. ಪಕ್ಕದ ಕುರ್ಚಿಯಲ್ಲಿ ಬಿಲ್ಲು ಬರೆಯುತ್ತಿದ್ದ ಪತ್ನಿ ಕಮಲಾದೇವಿಯವರು ತಲೆಯೆತ್ತಿದರು.

“ಯಾಕ್ರೀ, ಗಂಟಲಾಗ ಏನಾರ ಸಿಕ್ಕೊಂಡೈತೇನು?”

“ಆ ಹುಡುಗಿ ಅಂದಿದ್ದು ಖರೇ ಆದ್ರೆ, ಇಷ್ಟು ವರ್ಷ ಇಡೀ ಜಯನಗರಕ್ಕೆ ಸುಳ್ಳು ಹೇಳೀನಿ ಅಂತಾತಲ್ಲೇ.”

“ವ್ಯಾಪಾರದಾಗ ಎಲ್ಲಾರೂ ಹೇಳ್ತಾರ ಬಿಡ್ರಿ.”

“ನಾನು ಸುಳ್ಳು ಅಂತ ಹೇಳಿದ್ದಲ್ಲ. ಖರೇ ಅಂತ ಹೇಳಿದ್ದು.”

ಈ ಭೇದವನ್ನು ಕಮಲಾದೇವಿಯವರು ಮಾನ್ಯ ಮಾಡಲಿಲ್ಲ. ಶಾಂತವೀರಪ್ಪನವರಿಗೆ ಮಾತ್ರ ಅದೊಂದೇ ಭೇದ ಉಳಿದಿತ್ತು. ಚಳಿಗಾಲ ಮುಗಿಯುವ ಮೊದಲೇ ಅವರು ಹಳೆಯ ಬಿಲ್ಲಿನಿಂದ ಇಂಚರಾಳ ಫೋನ್ ನಂಬರು ಹುಡುಕಿ ತೆಗೆದು, ಮುಂದಿನ ವರ್ಷದ ತಂಡಕ್ಕೆ ತಮ್ಮ ಹೆಸರು ಸೇರಿಸಲು ಹೇಳಿದರು. ತೊಡುವುದು ಅಂಗಡಿಯ ಅದೇ ಬಗೆಯ ಸ್ವೆಟರು. ಜಿಂಕೆಯ ಜಾತಿಯೂ ಅದೇ. ಚಳಿ ತಡೆದರೆ ಮಾತು ಉಳಿಯಿತು, ತಡೆಯದಿದ್ದರೆ ಮಾತು ಬಿಟ್ಟಂತಾಯಿತು. ಅರವತ್ತು ದಾಟಿದ ವ್ಯಾಪಾರಿಯೊಬ್ಬರು ತಮ್ಮ ಒಂದು ವಾಕ್ಯಕ್ಕಾಗಿ ಇಷ್ಟು ದೂರ ಹೊರಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಪಾಠ ಹೇಳಿದ ವಿಶ್ವವಿದ್ಯಾಲಯದಲ್ಲಂತೂ ಕಂಡಿಲ್ಲ.

ತಂಡದ ಮುಂದಾಳು ವಿಷ್ಣು ಎಂಬ ತರುಣ. ಅರವತ್ತು ದಾಟಿದವರು ಮೊದಲು ಭಾರ ಹೊತ್ತು ಹತ್ತಿ ಇಳಿಯುವ ಅಭ್ಯಾಸ ಮಾಡಬೇಕೆಂದು ಆತ ಷರತ್ತು ಹಾಕಿದ. ಅಭ್ಯಾಸಕ್ಕೆ ಶಾಂತವೀರಪ್ಪನವರು ಆರಿಸಿದ್ದು ರಾಗಿಗುಡ್ಡದ ದೇವಸ್ಥಾನದ ಮೆಟ್ಟಿಲು. ಹೊಸ ಬ್ಯಾಕ್‌ಪ್ಯಾಕಿನೊಳಗೆ ಅಂಗಡಿಯ ಎರಡು ರಗ್ಗು ತುರುಕಿ, ಮಂಕಿ ಕ್ಯಾಪ್ ಸಮೇತ ಬೆಳಗಿನ ಹೊತ್ತು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕೆಲವೇ ದಿನಗಳಲ್ಲಿ ಅಲ್ಲಿನ ಭಕ್ತಾದಿಗಳಲ್ಲಿ ಇದು ಯಾವುದೋ ಘನವಾದ ಹರಕೆಯೆಂಬ ಸುದ್ದಿ ಹಬ್ಬಿತು. ಅಜ್ಜಿಯೊಬ್ಬರು ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಇನ್ನೊಬ್ಬರು “ಮಗಳಿಗೆ ಮದುವೆಯಾಗ್ತಿಲ್ಲ, ಈ ಹರಕೆ ಎಷ್ಟು ವಾರ ಮಾಡ್ಬೇಕು ಸ್ವಾಮಿ?” ಎಂದು ಕೇಳಿದರು. ಶಾಂತವೀರಪ್ಪನವರು ಚೀಲ ಬಿಚ್ಚಿ ರಗ್ಗು ತೋರಿಸಿದರು. ಆಕೆ ರಗ್ಗಿನ ಬೆಲೆ ಕೇಳಿದರು. ಮದುವೆಯ ವಿಷಯ ತಿಳಿಯದು, ರಗ್ಗು ಮಾರಾಟವಾಯಿತು.

ನವೆಂಬರಿನ ಕೊನೆಗೆ ಅವರು ಹೊರಟರು. ಉತ್ತರಾಖಂಡದ ಆ ಬೆಟ್ಟದ ಹೆಸರು ಅವರ ನಾಲಿಗೆಗೆ ಇಂದಿಗೂ ಹತ್ತಿಲ್ಲ. “ಆ ಗುಡ್ಡ” ಎನ್ನುತ್ತಾರೆ. ಅಲ್ಲಿ ನಡೆದದ್ದನ್ನು ನಾನು ಅವರ ಬಾಯಲ್ಲೂ ಇಂಚರಾಳ ಬಾಯಲ್ಲೂ ಕೇಳಿದ್ದೇನೆ. ಎರಡು ವರದಿಗಳೂ ಹೊಂದುತ್ತವೆ; ಹಲ್ಲು ಕಟಕಟಿಸಿದ್ದು ಎಷ್ಟು ದೂರ ಕೇಳಿಸಿತು ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ.

ಬುಡದ ಹಳ್ಳಿಯಿಂದ ದೇವದಾರು ಕಾಡಿನ ನಡುವೆ ದಾರಿ ಏರುತ್ತಿತ್ತು. ಬಿಸಿಲಿತ್ತು. ಭಾರ ಹೊತ್ತು ಏರುವಾಗ ಮೈ ಕಾಯುವುದರಿಂದ ಉಳಿದವರೆಲ್ಲ ಒಂದೊಂದೇ ಉಡುಪು ಕಳಚಿ ಚೀಲಕ್ಕೆ ಸೇರಿಸಿದರು. ಶಾಂತವೀರಪ್ಪನವರು ಕಳಚಲಿಲ್ಲ. ಜಿಂಕೆಯ ಸ್ವೆಟರು, ಅದರ ಮೇಲೆ ಎದೆ ತೆರೆದ ಅರ್ಧ ತೋಳಿನದು, ಮಫ್ಲರು, ಟೋಪಿ. ಬನಶಂಕರಿಯಿಂದ ಜಯನಗರಕ್ಕೆ ಬರುವಾಗಿನ ಅದೇ ವೇಷ. ಬೆವರು ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಜಿಂಕೆಗೆ ಇಳಿಯುತ್ತಿತ್ತು.

“ಸಾರ್, ಸ್ವೆಟರ್ ಬಿಚ್ಚಿ. ಬೆವರಬಾರ್ದು ಇಲ್ಲಿ,” ಎಂದ ವಿಷ್ಣು.

“ಬಿಚ್ಚಿದ್ರೆ ಪರೀಕ್ಷೆ ಎಲ್ಲಾತಪ್ಪಾ? ಮಧ್ಯದಾಗ ಬಿಚ್ಚಿ, ಆಮೇಲೆ ಚಳಿ ಆತು ಅಂದ್ರೆ ಅದು ಮೋಸ.”

“ಸಾರ್, ಎಕ್ಸಾಮ್ ಹಾಲಿಗೆ ಇನ್ನೂ ಬಂದೇ ಇಲ್ಲ ನೀವು.”

“ಅಂಕಲ್, ಪ್ಲೀಸ್,” ಎಂದಳು ಇಂಚರಾ. “ನಾನೇ ಸೋತೆ ಅಂದ್ಕೊಳ್ಳಿ. ಬಿಚ್ಚಿ.”

“ನೀ ಸುಮ್ನಿರವ್ವ. ನೀ ಎದುರಾಳಿ.”

ಜಯನಗರದ ಚಳಿಯೊಂದನ್ನೇ ಬಲ್ಲವರು ಮಾಡಬಹುದಾದ ತಪ್ಪು ಇದು. ನಮ್ಮಲ್ಲಿ ಸ್ವೆಟರು ಎಂದರೆ ಕಾರ್ತಿಕದಲ್ಲಿ ತೊಟ್ಟು ಮಾಘದಲ್ಲಿ ಕಳಚುವ ವಸ್ತು. ಗಂಟೆಗಂಟೆಗೆ ತೊಟ್ಟು ಬಿಚ್ಚುವುದು ನಮಗೆ ತಿಳಿಯದು. ಉಣ್ಣೆಯಾಗಲಿ ನೈಲಾನಾಗಲಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿ ಸೋರಿಹೋಗದಂತೆ ತಡೆಯುತ್ತದೆ, ಒಳಗೆ ನೀರು ತುಂಬಿದರೆ ಆ ಕೆಲಸವನ್ನೂ ಸರಿಯಾಗಿ ಮಾಡುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಯಾರೂ ಬೆಟ್ಟ ಹತ್ತಿ ಪರೀಕ್ಷಿಸಲು ಹೋಗಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಬಿಸಿಲು ಬೂದಿಯ ಬಣ್ಣಕ್ಕೆ ತಿರುಗಿತು. ಕಾಡು ಮುಗಿದು ಹುಲ್ಲುಗಾವಲು ಬಂದಾಗ, ಮೇಲಿನಿಂದ ಏನೋ ಹಗುರಾಗಿ ಉದುರತೊಡಗಿತು. ಶಾಂತವೀರಪ್ಪನವರು ಅಂಗೈ ಚಾಚಿ ನಿಂತರು. ತೆಳು ಅವಲಕ್ಕಿಯಂತೆ ಅಂಗೈಗೆ ಬಿದ್ದು, ನೋಡುವಷ್ಟರಲ್ಲಿ ನೀರಾಯಿತು. ಹಿಮವನ್ನು ಅವರು ಕಂಡದ್ದು ಅದೇ ಮೊದಲು. ಎಲ್ಲರೂ ಕುಣಿದು ಫೋಟೋ ತೆಗೆದುಕೊಳ್ಳುವಾಗ ಇವರು ಕೋಲನ್ನು ನೆಲಕ್ಕೂರಿ, ಆಕಾಶಕ್ಕೆ ಮುಖವೆತ್ತಿ, ಎರಡೂ ಕೈ ಜೋಡಿಸಿದರು.

“ಏನ್ ಅಂಕಲ್, ದೇವ್ರು ಕಾಣ್ಸಿದ್ನಾ?”

“ದೇವ್ರಲ್ಲವ್ವಾ, ಧಣಿ. ಇಷ್ಟು ವರ್ಷ ಈ ಚಳಿ ಹೆಸರು ಹೇಳೇ ಹೊಟ್ಟಿ ಹೊರಕೊಂಡೀನಿ. ಅದರ ಮಾರಿ ಇವತ್ತು ನೋಡ್ದೆ.”

ಧಣಿಯ ನಿಜರೂಪ ಟೆಂಟುಗಳ ಬಳಿ ತಿಳಿಯಿತು. ಸೂರ್ಯ ಎದುರಿನ ಬೆಟ್ಟದ ಏಣಿನ ಹಿಂದೆ ಜಾರಿದ ಕ್ಷಣಕ್ಕೆ, ಯಾರೋ ಬಾಗಿಲು ಮುಚ್ಚಿದಂತೆ, ಬೆಚ್ಚಗಿದ್ದದ್ದೆಲ್ಲ ಹೊರಟುಹೋಯಿತು. ಮೈಯ ಬೆವರೂ ಮೇಲಿನ ಹಿಮದ ನೀರೂ ಸ್ವೆಟರಿನೊಳಗೆ ಒಂದಾಗಿ, ಬೆನ್ನಿಗೆ ತಣ್ಣನೆಯ ಹಿಟ್ಟು ಮೆತ್ತಿದಂತಾಯಿತು. ಉಳಿದವರು ಚೀಲದಿಂದ ಒಣ ಬಟ್ಟೆ ತೆಗೆದು ತೊಟ್ಟು ಬೆಚ್ಚಗಾದರು. ಶಾಂತವೀರಪ್ಪನವರು ಕೈಗೆ ಕೊಟ್ಟ ಚಹಾದ ಲೋಟವನ್ನು ತುಟಿಗೆ ಒಯ್ಯಲಾರದೆ ಮಫ್ಲರಿಗೆ ಕುಡಿಸಿದರು. ಹಲ್ಲುಗಳು ಕಟಕಟಿಸುತ್ತಿದ್ದವು. ಆ ಸದ್ದು ಅಡುಗೆ ಟೆಂಟಿನವರೆಗೆ ಕೇಳಿಸಿತೆಂದು ಇಂಚರಾ ಹೇಳುತ್ತಾಳೆ. ಪಕ್ಕದ ಟೆಂಟಿನವರೆಗೆ ಮಾತ್ರ ಎಂಬುದು ಅವರ ಹೇಳಿಕೆ.

ವಿಷ್ಣು ಮುಂದೆ ಬಂದು ಕುಳಿತ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಸಾರ್, ಒದ್ದೆ ಬಟ್ಟೇಲಿ ನಿಮ್ಮನ್ನ ಮಲಗೋಕೆ ಬಿಡಲ್ಲ. ಈಗ ಬಿಚ್ಚಿ ಒಣಗಿದ್ದು ಹಾಕ್ಕೊಂಡ್ರೆ ಬೆಳಿಗ್ಗೆ ಎಲ್ಲರ ಜೊತೆ ಮೇಲಕ್ಕೆ. ಇಲ್ಲಾಂದ್ರೆ ಈಗ್ಲೇ ಇಬ್ರನ್ನ ಜೊತೆ ಮಾಡಿ ಕೆಳಗೆ ಕಳಿಸ್ತೀನಿ.”

ಶಾಂತವೀರಪ್ಪನವರು ಎದೆಯ ಜಿಂಕೆಗಳನ್ನು ಬಗ್ಗಿ ನೋಡಿಕೊಂಡರು. ಕೆಳಗೆ ಇಳಿದುಹೋದರೆ ಪರೀಕ್ಷೆ ಮುಗಿಯಲಿಲ್ಲ ಎನ್ನಬಹುದು. ಮುಗಿಯದ ಪರೀಕ್ಷೆಯಲ್ಲಿ ಯಾರೂ ಸೋತವರಲ್ಲ. ಅಂಗಡಿಗೆ ಮರಳಿ ಆ ವಾಕ್ಯವನ್ನು ಮುಂದುವರಿಸಬಹುದು. ಆ ದಾರಿ ತಮಗೆ ಸ್ಪಷ್ಟವಾಗಿ ಕಂಡಿತೆಂದು ಅವರೇ ನನಗೆ ಹೇಳಿದರು. ಅವರು ಟೋಪಿ ತೆಗೆದರು. ಆ ತಲೆಯನ್ನು ಟೋಪಿಯಿಲ್ಲದೆ ಇಂಚರಾ ಕಂಡದ್ದು ಅದೇ ಮೊದಲು. ನಡುಗುವ ದವಡೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವರು ಹೇಳಿದರು:

“ನೀ ಹೇಳಿದ್ದು ಖರೇ ಐತವ್ವಾ. ನಾ ಹೇಳಿದ್ದು ಸುಳ್ಳು.”

“ಬೆವರಿದ್ರಿ ಅಂಕಲ್, ಅದಕ್ಕೇ ಹಂಗಾಯ್ತು. ಒಣಗಿದ್ದಿದ್ರೆ ಸ್ವಲ್ಪ…”

“ಒಣಗಿದ್ದಾಗ ನೀ ನಡುಗಿದ್ದಿಲ್ಲೇನು? ತಪ್ಪಿಸಬ್ಯಾಡ ನನ್ನ.”

ಎಂದವರೇ ನಗತೊಡಗಿದರು. ನಡುಕದಲ್ಲಿ ನಗು ತುಂಡುತುಂಡಾಗಿ ಬರುತ್ತಿತ್ತು. ಅದನ್ನು ಕಂಡು ಇಂಚರಾಳಿಗೂ ವಿಷ್ಣುವಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಎಲ್ಲರೂ ಸೇರಿ ಒದ್ದೆ ಸ್ವೆಟರುಗಳನ್ನು ತಲೆಯ ಮೇಲಿಂದ ಎಳೆದು, ಒಣ ಬನಿಯನ್ನೂ ದಪ್ಪ ಜಾಕೆಟ್ಟನ್ನೂ ತೊಡಿಸಿ, ಬಿಸಿ ಸೂಪು ಕುಡಿಸಿ, ಮಲಗುವ ಚೀಲದೊಳಗೆ ಇಳಿಸಿ ಕತ್ತಿನವರೆಗೆ ಜಿಪ್ಪು ಎಳೆದರು. “ಆಲೂಗಡ್ಡಿ ಮೂಟೆ ಕಟ್ಟಿದಂಗ ಕಟ್ಟಿದ್ರಲ್ಲೋ” ಎಂದು ಆಕ್ಷೇಪಿಸುತ್ತ, ಅರ್ಧ ಮಾತಿನಲ್ಲೇ ಅವರು ನಿದ್ದೆ ಹೋದರು. ತಾವು ಹುಟ್ಟಿದ ಮೇಲೆ ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದಿಲ್ಲವಂತೆ. ಅದನ್ನು ನಾನು ನಂಬುತ್ತೇನೆ.

ಬೆಳಗಾಯಿತು. ಗಿಂಡಿಯ ನೀರು ಗಟ್ಟಿಯಾಗಿತ್ತು. ಪೂಜೆಗೆ ನೀರಿಲ್ಲವೆಂದು ಇಂಚರಾ ಚಿಂತಿಸಿದರೆ, ಶಾಂತವೀರಪ್ಪನವರು ವಿಭೂತಿ ಧರಿಸಿ, ಎಡಗೈಯಲ್ಲಿದ್ದ ಇಷ್ಟಲಿಂಗಕ್ಕೆ ಟೆಂಟಿನ ಬಾಗಿಲಿನಿಂದ ಚಿಟಿಕೆ ಹಿಮ ತೆಗೆದು ಮುಟ್ಟಿಸಿದರು. “ಶಿವನ ಮಾವನ ಮನಿಗೆ ಬಂದು ನೀರಿಲ್ಲ ಅಂದ್ರೆ ಹೆಂಗವ್ವಾ?” ಎಂದರು. ಪೂಜೆ ಮುಗಿಸಿ ಹೊರಗೆ ಬಂದರೆ ಶಿಖರಗಳ ಮೇಲೆ ಬಿಸಿಲು ಆಗಷ್ಟೇ ಬಿದ್ದಿತ್ತು. ಟೆಂಟಿನ ಹಗ್ಗದ ಮೇಲೆ ಅವರ ಸ್ವೆಟರು ಹಪ್ಪಳದಂತೆ ಸೆಟೆದು, ಎರಡೂ ತೋಳು ಚಾಚಿಕೊಂಡು ಇತ್ತು. ಹಗ್ಗದಿಂದ ಬಿಡಿಸಿ ಹಿಮದಲ್ಲಿ ಊರಿದರೆ ತನ್ನಷ್ಟಕ್ಕೆ ನಿಂತುಕೊಂಡಿತು. ಶಾಂತವೀರಪ್ಪನವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು.

“ಏನಾರ ಅನ್ರಪ್ಪಾ, ಮಾಲು ಗಟ್ಟಿ ಐತಿ!”

ಆಮೇಲೆ ಅದರ ಚಾಚಿದ ತೋಳನ್ನು ಹಿಡಿದು ಕೈಕುಲುಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಮೇಲಿನ ತುದಿಗೆ ಒಂದೊಂದೇ ಉಡುಪು ಬಿಚ್ಚುತ್ತ, ತೊಡುತ್ತ, ಬೆವರದೆ ಹತ್ತಿದರು. ಮರಳಿ ಟೆಂಟಿಗೆ ಬಂದು ಇಳಿಯುವಾಗ ಆ ಮರಗಟ್ಟಿದ ಸ್ವೆಟರನ್ನು ಹಲಗೆಯಂತೆ ಕಂಕುಳಲ್ಲಿಟ್ಟುಕೊಂಡು, ಮೊಳ ಹಾಕುವ ಅದೇ ನಡಿಗೆಯಲ್ಲಿ ಇಳಿದರು. ದೇವದಾರುಗಳ ನಡುವೆ ಬಿಸಿಲಿಗೆ ಅದು ಮೆತ್ತಗಾಗಿ, ತೋಳುಗಳನ್ನು ಇಳಿಬಿಟ್ಟಿತು.

ಕತೆ ಅಲ್ಲಿಗೆ ಮುಗಿದಿದ್ದರೆ ಅವರಿಗೂ ಸುಖವಿತ್ತು. ಆದರೆ ಬೆಂಗಳೂರಿನಲ್ಲಿ ಕಮಲಾದೇವಿಯವರು ಸುಮ್ಮನೆ ಕೂತಿರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿದ ಗಂಡನಿಗೆ ಅವರು ಮೊದಲು ತೋರಿಸಿದ್ದು ಖಾಲಿ ಕಪಾಟು.

“ನೋಡ್ರಿ, ಜಿಂಕಿ ಮಾಲೆಲ್ಲ ಖಾಲಿ! ‘ನಮ್ಮ ಯಜಮಾನ್ರು ಇದನ್ನ ಹಾಕ್ಕೊಂಡು ಈಗ ಹಿಮಾಲಯದಾಗ ಮಲಗ್ಯಾರ’ ಅಂತ ಹೇಳ್ದೆ. ಒಬ್ರೂ ಚೌಕಾಸಿ ಮಾಡ್ಲಿಲ್ಲ.”

ಶಾಂತವೀರಪ್ಪನವರು ಬ್ಯಾಕ್‌ಪ್ಯಾಕ್ ಇಳಿಸದೆಯೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಬೆಟ್ಟದ ಮೇಲೆ ಅವರು ಕಳಚಿಟ್ಟ ಸುಳ್ಳು, ಅದೇ ಹೊತ್ತಿಗೆ ಇಲ್ಲಿ ಜಯನಗರದ ಮನೆಮನೆಗೂ ಹೋಗಿ ಸೇರಿತ್ತು.

ಮರುದಿನದಿಂದ ಅವರು ಗುರುತಿನ ಗಿರಾಕಿಗಳ ಬಾಗಿಲು ಬಡಿಯತೊಡಗಿದರು. ನನ್ನ ಬಾಗಿಲಿಗೂ ಬಂದರು. ಕಮಲಾದೇವಿಯವರ ವಾಕ್ಚಾತುರ್ಯಕ್ಕೆ ಸೋತು ನಾನೂ ಒಂದು ಜೊತೆ ಜಿಂಕೆಯನ್ನು ಕೊಂಡಿದ್ದೆ.

“ಅಮ್ಮಾವ್ರೆ, ಆ ಸ್ವೆಟರು ಹಿಮಾಲಯಕ್ಕೆ ಸಾಲಂಗಿಲ್ರಿ. ನಾನೇ ನೋಡ್ಕೊಂಡು ಬಂದೆ. ವಾಪಸ್ ಕೊಡ್ರಿ.”

“ನಾನು ಹಾಲು ತರೋಕೆ ಹೋಗೋದು ಮೂರನೇ ಕ್ರಾಸಿಗೆ, ಹಿಮಾಲಯಕ್ಕಲ್ಲ.”

“ಆದ್ರೂ ನಮ್ಮನಿಯಾಕಿ ಹಿಮಾಲಯ ಅಂತ ಹೇಳ್ಯಾಳಲ್ರಿ.”

“ಮೂರನೇ ಕ್ರಾಸಿಗೆ ಸಾಕಾಗುತ್ತೋ ಇಲ್ವೋ, ಅದನ್ನ ಹೇಳಿ.”

ಅವರು ನನ್ನ ಸ್ವೆಟರಿನ ತುದಿಯನ್ನು ಬೆರಳ ನಡುವೆ ಹೊಸಕಿದರು. ಕೆನ್ನೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ, ಹೇಳಿದರು: “ಮೂರನೇ ಕ್ರಾಸಿಗೆ ಧಾರಾಳ ಆತು.” ಮುಖ ಅರಳಿತು. ಕಳೆದ ಚಳಿಗಾಲದಿಂದ ಗಂಟಲಲ್ಲಿ ನಿಂತಿದ್ದ ಮಾತಿಗೆ ಅಂದು ಬಾಲ ಸಿಕ್ಕಿತು.

ಸ್ವೆಟರನ್ನು ಯಾರೂ ಹಿಂತಿರುಗಿಸಲಿಲ್ಲ. ಈಗ ಅಂಗಡಿಯ ಎದುರಿಗೆ, ಬೆಟ್ಟ ಇಳಿದು ಬಂದ ಆ ಮರೂನ್ ಸ್ವೆಟರು ತೂಗುತ್ತಿದೆ. ಅದರ ಕುತ್ತಿಗೆಗೆ ಒಂದು ರಟ್ಟು: ‘ಜಯನಗರ, ಬನಶಂಕರಿ, ಜೆ.ಪಿ. ನಗರಕ್ಕೆ ಗ್ಯಾರಂಟಿ. ಹಿಮಾಲಯಕ್ಕೆ ಇಲ್ಲ. ಪರೀಕ್ಷಿಸಲಾಗಿದೆ.’ ಹುಡುಗರು ಅದರ ಫೋಟೋ ತೆಗೆಯಲು ಬರುತ್ತಾರೆ, ತೆಗೆದವರು ಒಳಗೂ ಬರುತ್ತಾರೆ. ಬೆಟ್ಟಕ್ಕೆ ಹೊರಟವರಿಗೆ ಶಾಂತವೀರಪ್ಪನವರು ಏನನ್ನೂ ಮಾರುವುದಿಲ್ಲ. ಕುಳ್ಳಿರಿಸಿಕೊಂಡು, ಮೈ ಬಿಸಿಯಾಗುವ ಮೊದಲು ಬಿಚ್ಚಬೇಕು, ತಣ್ಣಗಾಗುವ ಮೊದಲು ತೊಡಬೇಕು ಎಂದು ಉಪದೇಶ ಮಾಡಿ ಕಳಿಸುತ್ತಾರೆ. ಈ ನವೆಂಬರಿಗೂ ಇಂಚರಾಳ ತಂಡದಲ್ಲಿ ಅವರ ಹೆಸರಿದೆ. “ಈಗ ಯಾವ ಪರೀಕ್ಷೆರೀ?” ಎಂದು ಕಮಲಾದೇವಿ ಕೇಳಿದರೆ, “ಪರೀಕ್ಷೆ ಎಲ್ಲಾ ಮುಗದೈತಿ. ಈಗ ಬರೇ ರಜಾ” ಎನ್ನುತ್ತಾರೆ. ಮಂಕಿ ಕ್ಯಾಪ್ ಮಾತ್ರ ಜಯನಗರದಲ್ಲಿ ಇಳಿಯಲಿಲ್ಲ. ಇಲ್ಲಿಯ ಚಳಿಯನ್ನು ಅವರು ಈಗಲೂ ನಂಬುತ್ತಾರೆ.

ಮಾತು ಕೊಡುವವರು ಲೋಕದಲ್ಲಿ ಬಹಳ; ಕೊಟ್ಟ ಮಾತನ್ನು ಉಳಿಸಿಕೊಳ್ಳುವವರೂ ಅಲ್ಲಲ್ಲಿ ಉಂಟು, ಅವರನ್ನು ನಾವು ಹೊಗಳುತ್ತೇವೆ. ಇವೆರಡಕ್ಕೂ ಸೇರದ ಮೂರನೆಯ ಜಾತಿಯೊಂದಿದೆ, ಬಲು ವಿರಳ: ತಮ್ಮದೇ ಮಾತನ್ನು ತಾವೇ ಹೊದ್ದು, ಬಯಲಿನಲ್ಲಿ ಒಂದು ರಾತ್ರಿ ಮಲಗಿ, ಅದು ಎಲ್ಲಿಯವರೆಗೆ ಬೆಚ್ಚಗಿಡುತ್ತದೆ ಎಂದು ನೋಡಿಕೊಂಡು ಬಂದು, ಅಷ್ಟಕ್ಕೇ ಅಳೆದು ಕತ್ತರಿಸಿ ಕೊಡುವವರು. ಅಂಥವರ ಕೈಯಿಂದ ಕೊಂಡದ್ದು ಮೂರನೇ ಕ್ರಾಸಿಗೆ ಧಾರಾಳವಾಗಿ ಸಾಕಾಗುತ್ತದೆ. ನಮ್ಮಲ್ಲಿ ಬಹುಮಂದಿ ಅದರಾಚೆಗೆ ಹೋಗುವವರೂ ಅಲ್ಲ.